ಫೆರೋ, ತುಲೀ, ಲಾತುಮ್: ಒಂದು ಲ್ಯಾಟಿನ್ ಕ್ರಿಯಾಪದದ ಹುಟ್ಟು ಮತ್ತು ರೂಪಾವಳಿ

(ಭಾಷಾಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬೇಗ ದಾಟಿಹೋದ ಕೆಲವು ಉದಾಹರಣೆಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಲ್ಯಾಟಿನ್ ಪದಗಳಲ್ಲಿ ಬರುವ ‘ಫ’ ಅಕ್ಷರವನ್ನು ‘ಕಾಫಿ’ಯ ‘ಫ’ದಂತೆ ಓದಿಕೊಳ್ಳಬೇಕು.)

ಸಭಿಕರೇ,

ಲ್ಯಾಟಿನ್ ನಿಘಂಟಿನಲ್ಲಿ ಯಾವ ಕ್ರಿಯಾಪದವನ್ನು ಹುಡುಕಿದರೂ ಅದು ಸಾಮಾನ್ಯವಾಗಿ ನಾಲ್ಕು ರೂಪಗಳನ್ನು ಜೊತೆಗಿಟ್ಟುಕೊಂಡು ನಿಂತಿರುತ್ತದೆ. ವರ್ತಮಾನದ ಉತ್ತಮಪುರುಷ ಏಕವಚನ, ಭಾವರೂಪ (‘ಹೊರುವುದು’ ಎಂಬಂಥದ್ದು), ಮುಗಿದ ಕೆಲಸವನ್ನು ಹೇಳುವ ಭೂತಕಾಲ, ಕೊನೆಯಲ್ಲಿ ‘-ತುಮ್’ ಎಂದು ಮುಗಿಯುವ ಕೃದಂತ. ಈ ನಾಲ್ಕು ಗೊತ್ತಿದ್ದರೆ ಉಳಿದ ನೂರಾರು ರೂಪಗಳನ್ನು ಕಟ್ಟಿಕೊಳ್ಳಬಹುದು ಎಂಬುದು ಈ ಏರ್ಪಾಟಿನ ಅರ್ಥ. ‘ಪ್ರೀತಿಸುತ್ತೇನೆ’ ಎಂಬ ಅರ್ಥದ ಕ್ರಿಯಾಪದ ಅಮೋ, ಅಮಾರೆ, ಅಮಾವೀ, ಅಮಾತುಮ್ ಎಂದು ಸುಸೂತ್ರವಾಗಿ ಸಾಗುತ್ತದೆ. ಎಲ್ಲಿ ನೋಡಿದರೂ ‘ಅಮ್’ ಕಣ್ಣಿಗೆ ಬೀಳುತ್ತದೆ. ಹೀಗೆ ನಿಶ್ಚಿಂತೆಯಿಂದ ಮುಂದುವರಿದ ವಿದ್ಯಾರ್ಥಿ ಒಂದು ದಿನ ‘ಹೊರುತ್ತೇನೆ, ತರುತ್ತೇನೆ’ ಎಂಬ ಅರ್ಥದ ಪದಕ್ಕೆ ಬರುತ್ತಾನೆ. ಅಲ್ಲಿ ಬರೆದಿರುವುದು ಫೆರೋ, ಫೆರ್ರೆ, ತುಲೀ, ಲಾತುಮ್. ಮೊದಲ ಎರಡಕ್ಕೆ ನಂಟಿದೆ, ಸರಿ. ಮೂರನೆಯದು ಎಲ್ಲಿಂದ ಬಂತು? ನಾಲ್ಕನೆಯದಕ್ಕೂ ಮೂರನೆಯದಕ್ಕೂ ಏನು ಸಂಬಂಧ? ಶಾಲಾ ವ್ಯಾಕರಣಗಳು ಇದನ್ನು ‘ಅಪವಾದ, ಬಾಯಿಪಾಠ ಮಾಡಿ’ ಎಂದು ಹೇಳಿ ಮುಂದಕ್ಕೆ ಹೋಗಿಬಿಡುತ್ತವೆ. ಈ ಅಪವಾದಕ್ಕೆ ಕ್ರಮಬದ್ಧವಾದ ಚರಿತ್ರೆಯಿದೆ, ಮತ್ತು ಆ ಚರಿತ್ರೆಯನ್ನು ತೆರೆಯುವ ಬೀಗದಕೈಗಳು ಸಂಸ್ಕೃತದ ಮೂಲಕ ಕನ್ನಡ ಓದುಗರ ಕೈಯಲ್ಲೇ ಇವೆ ಎಂಬುದನ್ನು ತೋರಿಸುವುದು ನನ್ನ ಉದ್ದೇಶ.

ಮೊದಲು ‘ಫೆರ್’ ಭಾಗವನ್ನು ನೋಡೋಣ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮುಂತಾದವುಗಳ ತಾಯಿಯಾದ ಇಂಡೋ-ಯುರೋಪಿಯನ್ ಮೂಲಭಾಷೆಯಲ್ಲಿ ಪದದ ಆದಿಯಲ್ಲಿದ್ದ ‘ಭ’ಕಾರ ಸಂಸ್ಕೃತದಲ್ಲಿ ‘ಭ’ವಾಗಿಯೇ ಉಳಿಯಿತು, ಲ್ಯಾಟಿನ್‌ನಲ್ಲಿ ‘ಫ’ ಆಯಿತು. ನಮ್ಮ ಭ್ರಾತೃ ಅಲ್ಲಿ ಫ್ರಾತೆರ್. ನಮ್ಮ ಭೂ ಧಾತು ಅಲ್ಲಿ ‘ಇದ್ದೆ’ ಎಂಬ ಅರ್ಥದ ಫುಈ. ಪದದ ನಡುವೆ ಬಂದಾಗ ಅದೇ ‘ಭ’ ಲ್ಯಾಟಿನ್‌ನಲ್ಲಿ ‘ಬ’ ಆಗುತ್ತದೆ. ನಭಸ್ ಎಂಬುದಕ್ಕೆ ಎದುರಾಗಿ ಮಂಜು, ಮೋಡ ಎಂಬರ್ಥದ ನೆಬುಲ ನಿಲ್ಲುವುದು ಹೀಗೆ. ಇನ್ನು ಮೂಲಭಾಷೆಯ ‘ಎ’ ಮತ್ತು ‘ಒ’ ಎರಡೂ ಸಂಸ್ಕೃತದಲ್ಲಿ ‘ಅ’ಕಾರದಲ್ಲಿ ಸೇರಿಹೋದವು, ಲ್ಯಾಟಿನ್ ಅವನ್ನು ಬಹುಮಟ್ಟಿಗೆ ಬೇರೆಬೇರೆಯಾಗಿ ಉಳಿಸಿಕೊಂಡಿತು. ಈ ಎರಡು ನಿಯಮಗಳನ್ನು ಕೂಡಿಸಿದರೆ ಫೆರ್ ಎಂಬುದು ನಮ್ಮ ಭೃ ಧಾತುವೇ ಎಂಬುದು ಸ್ಪಷ್ಟವಾಗುತ್ತದೆ. ಭಾರ, ಭರ್ತೃ, ಭಾರ್ಯೆ, ಭೃತ್ಯ, ಆಭರಣ, ‘ಖರ್ಚು ಭರಿಸಿದರು’ ಎನ್ನುವಾಗಿನ ಭರಿಸು, ಇವೆಲ್ಲ ಅದೇ ಧಾತುವಿನ ಕುಡಿಗಳು. ಗ್ರೀಕ್‌ನಲ್ಲಿ ಇದು ಫೆರೋ, ಜರ್ಮನ್ ಬಳಗದ ಹಳೆಯ ಭಾಷೆಯಾದ ಗೋಥಿಕ್‌ನಲ್ಲಿ ಬೈರನ್, ಹಳೆಯ ಐರಿಷ್‌ನಲ್ಲಿ ಬೆರಿದ್, ಆರ್ಮೇನಿಯನ್‌ನಲ್ಲಿ ಬೆರೆಮ್, ಇಂಗ್ಲಿಷ್‌ನಲ್ಲಿ ಬೇರ್. ಪಶ್ಚಿಮದ ಅಟ್ಲಾಂಟಿಕ್ ತೀರದಿಂದ ಗಂಗಾ ಬಯಲಿನವರೆಗೆ ಹರಡಿ, ಇಷ್ಟು ಕಡಿಮೆ ಮಾಸಿದ ಕ್ರಿಯಾಪದಗಳು ಹೆಚ್ಚಿಲ್ಲ.

ವರ್ತಮಾನದ ಆರು ರೂಪಗಳನ್ನು ಎದುರುಬದುರು ಇಟ್ಟರೆ ಹೀಗಿರುತ್ತದೆ: ಭರಾಮಿ–ಫೆರೋ, ಭರಸಿ–ಫೆರ್ಸ್, ಭರತಿ–ಫೆರ್ತ್, ಬಹುವಚನದಲ್ಲಿ ಭರಾಮಃ–ಫೆರಿಮುಸ್, ಭರಥ–ಫೆರ್ತಿಸ್, ಭರಂತಿ–ಫೆರುಂತ್. 1816ರಲ್ಲಿ ಜರ್ಮನ್ ವಿದ್ವಾಂಸ ಫ್ರಾನ್ಜ್ ಬೋಪ್ ಸಂಸ್ಕೃತ, ಗ್ರೀಕ್, ಲ್ಯಾಟಿನ್, ಪರ್ಷಿಯನ್ ಮತ್ತು ಜರ್ಮನ್ ಬಳಗದ ಭಾಷೆಗಳ ಕ್ರಿಯಾಪದ ರೂಪಾವಳಿಗಳನ್ನು ಹೋಲಿಸಿ ಪ್ರಕಟಿಸಿದ ಗ್ರಂಥದಿಂದ ತೌಲನಿಕ ವ್ಯಾಕರಣ ಒಂದು ಶಾಸ್ತ್ರವಾಗಿ ಹೊರಟಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಪದಗಳ ಹೋಲಿಕೆಯನ್ನು ಬಿಟ್ಟು ಆಖ್ಯಾತ ಪ್ರತ್ಯಯಗಳ ಹೋಲಿಕೆಯನ್ನು ಅವನು ಹಿಡಿದದ್ದು ಬುದ್ಧಿವಂತಿಕೆಯ ಕೆಲಸ. ಪದವನ್ನು ಒಂದು ಭಾಷೆ ಇನ್ನೊಂದರಿಂದ ಎರವಲು ಪಡೆಯಬಹುದು. ‘ಸಿ, ತಿ, ಅಂತಿ’ ಎಂಬ ಪುರುಷಪ್ರತ್ಯಯಗಳ ಇಡೀ ಸಾಲನ್ನು ಹಾಗೆ ಎತ್ತಿಕೊಂಡು ಬರುವುದು ಅಪರೂಪ.

ಈ ಸಾಲಿನಲ್ಲಿ ಎರಡು ಕಡೆ ನಿಲ್ಲಬೇಕು. ಉತ್ತಮಪುರುಷದಲ್ಲಿ ಸಂಸ್ಕೃತಕ್ಕೆ ‘-ಮಿ’ ಇದೆ, ಲ್ಯಾಟಿನ್‌ಗೆ ಬರಿಯ ‘-ಓ’. ಸಂಸ್ಕೃತದ್ದೇ ಹಳೆಯದಿರಬೇಕು ಎಂದು ನಮಗೆ ತಟ್ಟನೆ ತೋರುತ್ತದೆ, ಆದರೆ ಇಲ್ಲಿ ಹಳೆಯದನ್ನು ಉಳಿಸಿಕೊಂಡಿರುವುದು ಲ್ಯಾಟಿನ್ ಮತ್ತು ಗ್ರೀಕ್. ಅಸ್ಮಿ ಮುಂತಾದ ಕ್ರಿಯಾಪದಗಳಲ್ಲಿದ್ದ ‘ಮಿ’ಯನ್ನು ಸಂಸ್ಕೃತ ಈ ಬಗೆಯ ಧಾತುಗಳಿಗೂ ಹಚ್ಚಿ ರೂಪಾವಳಿಯನ್ನು ಸಮ ಮಾಡಿಕೊಂಡಿತು. ಎರಡನೆಯದು ಇನ್ನೂ ಕುತೂಹಲಕರ. ಭರಸಿ, ಭರತಿ, ಭರಥ ಎಂಬಲ್ಲಿ ಧಾತುವಿಗೂ ಪ್ರತ್ಯಯಕ್ಕೂ ನಡುವೆ ಇರುವ ‘ಅ’ಕಾರ (ಅದಕ್ಕೆ ಪಾಣಿನೀಯರು ಶಪ್ ಎನ್ನುತ್ತಾರೆ) ಫೆರ್ಸ್, ಫೆರ್ತ್, ಫೆರ್ತಿಸ್ ಎಂಬಲ್ಲಿ ಇಲ್ಲ. ಫೆರಿಮುಸ್ ಮತ್ತು ಫೆರುಂತ್‌ನಲ್ಲಿ ಮಾತ್ರ ಅದರ ಸವೆದ ಗುರುತು ಕಾಣುತ್ತದೆ. ಈ ಸ್ವರ ಮೊದಲೇ ಇರಲಿಲ್ಲ ಎನ್ನುವವರಿದ್ದಾರೆ. ಅವರು ಋಗ್ವೇದದಲ್ಲಿ ಭರತಿಯ ಜೊತೆಗೆ ಕಾಣುವ ‘ಭರ್ತಿ’ ಎಂಬ ವಿರಳ ರೂಪವನ್ನು ಸಾಕ್ಷಿಗೆ ತರುತ್ತಾರೆ. ಸ್ವರ ಇತ್ತು, ರಕಾರದ ಪಕ್ಕದಲ್ಲಿ ಉಚ್ಚಾರದ ಅವಸರಕ್ಕೆ ಸಿಕ್ಕು ಲೋಪವಾಯಿತು ಎನ್ನುವವರೂ ಇದ್ದಾರೆ. ನನಗೆ ಎರಡನೆಯ ವಾದವೇ ಒಪ್ಪಿಗೆ, ಏಕೆಂದರೆ ಗ್ರೀಕ್, ಗೋಥಿಕ್, ಐರಿಷ್ ಮೂರೂ ಸ್ವರವಿರುವ ರೂಪವನ್ನೇ ತೋರುತ್ತವೆ.

ಭಾವರೂಪವಾದ ‘ಫೆರ್ರೆ’ಯಲ್ಲಿ ರಕಾರ ದ್ವಿತ್ವವಾಗಿರುವುದೂ ಇದರ ಫಲವೇ. ಲ್ಯಾಟಿನ್ ಭಾವರೂಪದ ಮೂಲ ಪ್ರತ್ಯಯ ‘-ಸೆ’. ‘ಇರುವುದು’ ಎಂಬರ್ಥದ ಎಸ್ಸೆಯಲ್ಲಿ ಅದು ಹಾಗೆಯೇ ಉಳಿದಿದೆ. ಎರಡು ಸ್ವರಗಳ ನಡುವೆ ಸಿಕ್ಕಾಗ ಆ ಸಕಾರ ರಕಾರವಾಗುತ್ತದೆ, ಆದ್ದರಿಂದ ಅಮಾರೆ. ಫೆರ್ ಎಂಬ ವ್ಯಂಜನಾಂತ ಧಾತುವಿಗೆ ನೇರವಾಗಿ ‘ಸೆ’ ಹತ್ತಿದಾಗ ಫೆರ್ಸೆ ಎಂಬುದು ಫೆರ್ರೆ ಆಯಿತು. ಕರ್ಮಣಿಯಲ್ಲಿ ಫೆರೊರ್, ಫೆರ್ರಿಸ್, ಫೆರ್ತುರ್, ಫೆರಿಮುರ್, ಫೆರಿಮಿನೀ, ಫೆರುಂತುರ್. ಅಪೂರ್ಣ ಭೂತದ ಫೆರೇಬಮ್ (‘ಹೊರುತ್ತಿದ್ದೆ’) ಎಂಬುದರ ಬಾಲದಲ್ಲಿರುವ ‘ಬ’ ನಮ್ಮ ಭೂ ಧಾತುವಿನ ತುಣುಕು ಎಂಬುದು ಬಹುಮಾನ್ಯ ಅಭಿಪ್ರಾಯ. ಭವಿಷ್ಯದ ಫೆರಮ್, ಫೆರೇಸ್, ಫೆರೆತ್ ಮೂರನೆಯ ಗಣದ (ರೂಪಾವಳಿಯ ಗುಂಪಿನ) ಉಳಿದ ಧಾತುಗಳಂತೆಯೇ ನಡೆಯುತ್ತದೆ, ಅದರಲ್ಲಿ ಹೇಳುವಂಥದ್ದೇನಿಲ್ಲ.

ವಿಧಿರೂಪದ ಬಗ್ಗೆ ಒಂದು ಮಾತು. ‘ತಾ’ ಎನ್ನಲು ಲ್ಯಾಟಿನ್‌ನಲ್ಲಿ ‘ಫೆರ್’ ಎಂದಷ್ಟೇ ಹೇಳುತ್ತಾರೆ. ಕೊನೆಯಲ್ಲಿ ಬರಬೇಕಾದ ‘ಎ’ ಇಲ್ಲ. ಹೇಳು, ನಡೆಸು, ಮಾಡು, ತಾ ಎಂಬರ್ಥದ ದೀಕ್, ದೂಕ್, ಫಾಕ್, ಫೆರ್ ಈ ನಾಲ್ಕನ್ನೂ ಲ್ಯಾಟಿನ್ ಕಲಿಯುವವರು ಒಂದೇ ಉಸಿರಿನಲ್ಲಿ ಬಾಯಿಪಾಠ ಮಾಡುತ್ತಾರೆ. ದಿನಕ್ಕೆ ಹತ್ತಾರು ಸಲ ನಾಲಿಗೆಯ ಮೇಲೆ ಬರುವ ಆಜ್ಞಾರೂಪಗಳು ಬೇಗ ಸವೆಯುತ್ತವೆ, ಸವೆದ ಮೇಲೆ ಅವನ್ನು ಯಾರೂ ತಿದ್ದುವುದಿಲ್ಲ. ಕನ್ನಡದಲ್ಲಿಯೂ ನೋಡು, ಮಾಡು, ಓಡು ಎಂಬ ಧಾತುಗಳು ವಿಧಿಯಲ್ಲಿ ಹಾಗೆಯೇ ಇರುತ್ತವೆ, ತರು ಮತ್ತು ಬರು ಮಾತ್ರ ತಾ, ಬಾ ಎಂದು ನಿಯಮ ತಪ್ಪುತ್ತವೆ. ಎರಡು ಭಾಷೆಗಳಿಗೂ ಇಲ್ಲಿ ಯಾವ ರಕ್ತಸಂಬಂಧವೂ ಇಲ್ಲ. ಬಳಕೆಯ ಒತ್ತಡ ಮಾತ್ರ ಒಂದೇ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಭೂತಕಾಲಕ್ಕೆ ಬಂದೊಡನೆ ಫೆರ್ ಏಕೆ ಮಾಯವಾಗುತ್ತದೆ?

ಮೂಲಭಾಷೆಯಲ್ಲಿ ಧಾತುಗಳಿಗೆ ಅವುಗಳದೇ ಸ್ವಭಾವವಿತ್ತು. ಕೆಲವು ಧಾತುಗಳು ನಡೆಯುತ್ತಲೇ ಇರುವ ಕ್ರಿಯೆಯನ್ನು ಹೇಳುತ್ತಿದ್ದವು, ಕೆಲವು ಒಂದು ಕ್ಷಣದಲ್ಲಿ ಮುಗಿಯುವ ಕ್ರಿಯೆಯನ್ನು. ಭೃ ಧಾತು ಮೊದಲ ಬಗೆಯದು. ಹೊರೆಯನ್ನು ಹೊತ್ತುಕೊಂಡು ನಡೆಯುತ್ತಿರುವುದು ಅದರ ಅರ್ಥ. ಆ ನಡಿಗೆಗೆ ಕೊನೆ ಎಂಬುದು ಧಾತುವಿನೊಳಗೆ ಇಲ್ಲ. ‘ಹೊತ್ತು ಮುಗಿಸಿದೆ, ತಂದು ಹಾಕಿದೆ’ ಎಂದು ಹೇಳಬೇಕಾದಾಗ ಆ ಧಾತು ಸಾಲದಾಗುತ್ತಿತ್ತು, ಬೇರೊಂದನ್ನು ಕರೆಯಬೇಕಾಗುತ್ತಿತ್ತು. ಗ್ರೀಕರಿಗೂ ಇದೇ ತೊಂದರೆ ಬಂತು. ಅವರು ವರ್ತಮಾನಕ್ಕೆ ಫೆರೋ, ಭವಿಷ್ಯಕ್ಕೆ ಓಯ್ಸೋ, ಭೂತಕ್ಕೆ ಏನೆಂಕ ಎಂದು ಮೂರು ಬೇರೆ ಬೇರೆ ಮೂಲಗಳನ್ನು ಸೇರಿಸಿ ಒಂದು ಕ್ರಿಯಾಪದ ಕಟ್ಟಿಕೊಂಡರು. ಲ್ಯಾಟಿನ್ ಇನ್ನೊಂದು ದಾರಿ ಹಿಡಿಯಿತು.

ಹೀಗೆ ಒಂದು ಧಾತುವಿನ ಕೊರತೆಯನ್ನು ಇನ್ನೊಂದು ತುಂಬುವ ಪದ್ಧತಿ ಸಂಸ್ಕೃತ ಓದಿದವರಿಗೆ ಹೊಸದಲ್ಲ. ‘ಪಶ್ಯತಿ’ಗೆ ಭೂತದಲ್ಲಿ ‘ದದರ್ಶ’, ಭವಿಷ್ಯದಲ್ಲಿ ‘ದ್ರಕ್ಷ್ಯತಿ’ ಎಂದು ನಾವು ಯೋಚನೆಯಿಲ್ಲದೆ ಹೇಳುತ್ತೇವೆ. ಪಾಣಿನಿ ಇದನ್ನು ಆದೇಶ ಎಂಬ ಉಪಾಯದಿಂದ ನಿಭಾಯಿಸುತ್ತಾನೆ. ‘ಅಸ್ತೇರ್ಭೂಃ’ ಎಂಬ ಸೂತ್ರದಂತೆ ಆರ್ಧಧಾತುಕ ಎಂಬ ಗುಂಪಿನ ಪ್ರತ್ಯಯ (ಭವಿಷ್ಯ ಮುಂತಾದವುಗಳಲ್ಲಿ ಬರುವಂಥದು) ಪರವಾದಾಗ ಅಸ್ ಧಾತುವಿನ ಜಾಗದಲ್ಲಿ ಭೂ ಬಂದು ಕೂರುತ್ತದೆ; ‘ಬ್ರುವೋ ವಚಿಃ’ ಎಂಬುದರಿಂದ ಬ್ರೂ ಜಾಗಕ್ಕೆ ವಚ್ ಬರುತ್ತದೆ. ದೃಶ್ ಧಾತುವಿಗೆ ಪಶ್ಯ ಎಂಬ ಆದೇಶವನ್ನು ಅವನು ಬೇರೊಂದು ಸೂತ್ರದಲ್ಲಿ, ಪಾ, ಘ್ರಾ, ಸ್ಥಾ ಮೊದಲಾದವುಗಳ ಜೊತೆಗೆ ಹೇಳುತ್ತಾನೆ. ಯುರೋಪಿನಲ್ಲಿ ಈ ವಿಷಯವನ್ನು ಪ್ರತ್ಯೇಕವಾಗಿ ಎತ್ತಿಕೊಂಡು ಚರ್ಚಿಸಿದವನು ಜರ್ಮನ್ ಭಾಷಾವಿಜ್ಞಾನಿ ಹರ್ಮನ್ ಓಸ್ಟ್‌ಹೋಫ್, 1899ರಲ್ಲಿ. ಮನುಷ್ಯನ ಬದುಕಿಗೆ ತೀರ ಹತ್ತಿರವಾದ ಸಂಗತಿಗಳಲ್ಲಿಯೇ ಈ ಬೆರಕೆ ಹೆಚ್ಚು ಕಾಣುತ್ತದೆ ಎಂಬುದು ಅವನ ಅಭಿಪ್ರಾಯ: ಇರುವುದು, ಹೋಗುವುದು, ನೋಡುವುದು, ತಿನ್ನುವುದು, ತರುವುದು. ಕಾರಣದ ಬಗ್ಗೆ ಅವನು ಕೊಟ್ಟ ಮನಶ್ಶಾಸ್ತ್ರೀಯ ವಿವರಣೆ ನನ್ನನ್ನು ಪೂರ್ತಿ ಒಪ್ಪಿಸುವುದಿಲ್ಲ. ಕಲಿಯುವ ಮಗು ಅತಿ ಹೆಚ್ಚು ಕೇಳುವ ಕ್ರಿಯಾಪದಗಳು ಮಾತ್ರವೇ ಇಂಥ ವಿಚಿತ್ರ ರೂಪಾವಳಿಯನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಬಲ್ಲವು ಎಂಬುದಷ್ಟೇ ಸಾಕೆನ್ನಿಸುತ್ತದೆ.

ಲ್ಯಾಟಿನ್ ಕರೆಸಿಕೊಂಡ ಆ ಇನ್ನೊಂದು ಧಾತುವಿನ ಅರ್ಥ ಎತ್ತುವುದು, ತೂಕವನ್ನು ತನ್ನ ಮೇಲೆ ತೆಗೆದುಕೊಳ್ಳುವುದು, ಅದರಿಂದ ಮುಂದೆ ಸಹಿಸುವುದು. ಗ್ರೀಕ್‌ನಲ್ಲಿ ತ್ಲೇನಾಯ್ ಎಂದರೆ ಸಹಿಸುವುದು, ತಾಲಂತೊನ್ ಎಂದರೆ ತಕ್ಕಡಿ ಮತ್ತು ಒಂದು ತೂಕ. ಜರ್ಮನ್‌ನ ಗೆಡುಲ್ಡ್, ಅಂದರೆ ತಾಳ್ಮೆ, ಇದೇ ಮೂಲದ್ದು. ಲ್ಯಾಟಿನ್‌ನ ತೊಲೆರಾರೆ, ತೊಲ್ಲೆರೆ ಎಂಬವೂ ಹಾಗೆಯೇ. ಸಂಸ್ಕೃತದಲ್ಲಿ ಇದರ ಪ್ರತಿನಿಧಿ ತುಲಾ.

ಕೃಷ್ಣನ ಕಥೆಯಿಂದ ನಮಗೆಲ್ಲ ಗೊತ್ತಿರುವ, ಹಂಪಿಯ ವಿಠ್ಠಲ ದೇವಾಲಯದ ಬಳಿ ಎರಡು ಕಂಬಗಳ ಮೇಲೆ ತೊಲೆ ಹೊತ್ತು ನಿಂತಿರುವ ಕಟ್ಟಡದ ಹೆಸರಾಗಿಯೂ ಕೇಳುವ ‘ತುಲಾಭಾರ’ ಎಂಬ ಸಮಾಸದಲ್ಲಿ, ಹೀಗಾಗಿ, ಲ್ಯಾಟಿನ್ ಕ್ರಿಯಾಪದದ ಎರಡು ಧಾತುಗಳೂ ಅಕ್ಕಪಕ್ಕ ಕುಳಿತಿವೆ. ಮೊದಲ ಪದ ತುಲೀಯ ನೆಂಟ, ಎರಡನೆಯದು ಫೆರೋದ ನೆಂಟ. ಲ್ಯಾಟಿನ್ ರೂಪಾವಳಿಯಲ್ಲಿ ಕಾಲಭೇದದಿಂದ ಹಂಚಿಹೋದದ್ದು ನಮ್ಮಲ್ಲಿ ಒಂದು ಸಮಾಸವಾಗಿ ಕೂಡಿದೆ. ಇದು ಕಾಕತಾಳೀಯ, ನಿಜ. ಆದರೆ ಧಾತುಗಳ ನಂಟು ಕಾಕತಾಳೀಯವಲ್ಲ.

ಇಲ್ಲೇ ಒಂದು ಎಚ್ಚರಿಕೆ ಕೊಡಬೇಕು. ಕನ್ನಡದ ಹೊರು, ಹೆರು ಎಂಬವುಗಳನ್ನು ಭೃ ಧಾತುವಿಗೋ ಫೆರೋಗೋ ಗಂಟುಹಾಕುವ ಉತ್ಸಾಹ ಕೆಲವರಲ್ಲಿದೆ. ಹಳಗನ್ನಡದಲ್ಲಿ ಇವು ಶಕಟರೇಫದ (ಹಳೆಯ ‘ಱ’ ಅಕ್ಷರದ) ಪೊಱು, ಪೆಱು. ತಮಿಳಿನಲ್ಲಿ ಇಂದಿಗೂ ಪೊಱು, ಪೆಱು ಎಂದೇ ಇವೆ. ಇವು ದ್ರಾವಿಡ ಧಾತುಗಳು. ಧ್ವನಿಯೂ ಅರ್ಥವೂ ಹತ್ತಿರ ಕಂಡ ಮಾತ್ರಕ್ಕೆ ಸಂಬಂಧ ಕಟ್ಟಬಾರದು; ಭ್ರಾತೃ–ಫ್ರಾತೆರ್ ಎಂಬಂತೆ ಪದದಿಂದ ಪದಕ್ಕೆ ಒಂದೇ ನಿಯಮ ಮರಳಿ ಮರಳಿ ಕಾಣಿಸಬೇಕು.

ತುಲೀ ಎಂಬ ರೂಪವನ್ನು ಇನ್ನೂ ಹತ್ತಿರದಿಂದ ನೋಡೋಣ. ಪ್ಲೌತುಸ್‌ನ ನಾಟಕಗಳಲ್ಲಿ, ಅಂದರೆ ಕ್ರಿ.ಪೂ. 200ರ ಆಸುಪಾಸಿನ ಲ್ಯಾಟಿನ್‌ನಲ್ಲಿ, ಇದು ‘ತೆತುಲೀ’ ಎಂದೂ ಬರುತ್ತದೆ. ಆದಿಯ ‘ತೆ’ ನಮ್ಮ ಬಭಾರ, ದದರ್ಶ, ಚಕಾರ ಎಂಬ ಲಿಟ್ (ಪರೋಕ್ಷ ಭೂತ) ರೂಪಗಳಲ್ಲಿ ಕಾಣುವ ಅಭ್ಯಾಸವೇ, ಅಂದರೆ ಧಾತುವಿನ ಮೊದಲಕ್ಷರದ ಮರುಕಳಿಕೆ. ಮುಂದೆ ಈ ಅಭ್ಯಾಸ ಬಿದ್ದುಹೋಗಿ ತುಲೀ ಉಳಿಯಿತು, ಆದರೆ ಪೂರ್ತಿ ಅಳಿಯಲಿಲ್ಲ. ‘ಮರಳಿ ತರು, ವರದಿ ಮಾಡು’ ಎಂಬರ್ಥದ ರೆಫೆರೋ ಪದದ ಭೂತರೂಪವನ್ನು ಶುದ್ಧವಾಗಿ ಬರೆಯುವವರು ‘ರೆತ್ತುಲೀ’ ಎಂದು ತಕಾರವನ್ನು ದ್ವಿತ್ವ ಮಾಡಿ ಬರೆಯುತ್ತಾರೆ. ಉಪಸರ್ಗ ‘ರೆ’, ಅದರ ಮುಂದೆ ‘ತೆತುಲೀ’. ನಡುವಿನ ‘ಎ’ ಬಿದ್ದಾಗ ಎರಡು ತಕಾರಗಳು ಒಂದಕ್ಕೊಂದು ಅಂಟಿಕೊಂಡವು. ಕಾಗುಣಿತದ ಹಠದಂತೆ ತೋರುವ ಒಂದು ಒತ್ತಕ್ಷರದಲ್ಲಿ ಹಳೆಯ ಲಿಟ್‌ನ ಅಭ್ಯಾಸ ಬದುಕಿಕೊಂಡಿದೆ. ಇನ್ನು, ತುಲೀ ಎಂಬುದನ್ನು ಕಿವಿತುಂಬ ಕೇಳಬೇಕಾದರೆ ಎನ್ನಿಯುಸ್ ಕವಿಯ ಒಂದು ಸಾಲಿದೆ: ‘ಓ ತಿತೆ ತೂತೆ ತತೀ ತಿಬಿ ತಂತ ತುರಾನ್ನೆ ತುಲಿಸ್ತೀ’. ಎಲೈ ದೊರೆ ತಿತುಸ್ ತತಿಯುಸ್, ಇಷ್ಟೆಲ್ಲವನ್ನೂ ನೀನೇ ನಿನ್ನ ಮೇಲೆ ತಂದುಕೊಂಡೆ, ಎಂದು ಇದರ ತಾತ್ಪರ್ಯ. ಪ್ರಾಸದ ಚಪಲ ಕನ್ನಡ ಕವಿಗಳಿಗೆ ಮಾತ್ರ ಇತ್ತು ಎಂದುಕೊಂಡವರಿಗೆ ಇದು ಸಮಾಧಾನ ಕೊಡಬಹುದು.

ತುಲೀಯನ್ನು ಫೆರೋಗೆ ಕೊಟ್ಟುಬಿಟ್ಟ ಮೇಲೆ ಅದರ ಹಳೆಯ ಒಡೆಯ ‘ತೊಲ್ಲೋ’ (‘ಎತ್ತುತ್ತೇನೆ’) ಏನು ಮಾಡಬೇಕು? ಅದು ಉಪಸರ್ಗ ಹಚ್ಚಿದ ಸುಸ್ತುಲೀ, ಸುಬ್ಲಾತುಮ್ ಎಂಬವುಗಳನ್ನು ತನ್ನದಾಗಿಸಿಕೊಂಡು ಕೆಲಸ ನಡೆಸಿತು. ತನ್ನದನ್ನೇ ಸುತ್ತು ಹಾಕಿ ವಾಪಸು ಪಡೆದಂತೆ. ಈ ತೊಲ್ಲೋ ಪದಕ್ಕೆ ಎತ್ತರಕ್ಕೇರಿಸು ಎಂಬರ್ಥದ ಜೊತೆಗೆ ಎತ್ತಿ ಆಚೆ ಹಾಕು, ನಿವಾರಿಸು ಎಂಬರ್ಥವೂ ಇತ್ತು. ಕ್ರಿ.ಪೂ. 43ರ ಮೇ ತಿಂಗಳಲ್ಲಿ ಸೇನಾನಿ ದೆಕಿಮುಸ್ ಬ್ರೂತುಸ್ ರೋಮಿನ ವಾಗ್ಮಿ ಕಿಕೆರೋಗೆ (ಸಿಸೆರೋಗೆ) ಬರೆದ ಪತ್ರವೊಂದರಲ್ಲಿ, ಇನ್ನೂ ಹತ್ತೊಂಬತ್ತರ ತರುಣ ಒಕ್ತಾವಿಯನ್ (ಮುಂದಿನ ಸಾಮ್ರಾಟ ಆಗಸ್ಟಸ್) ಬಗ್ಗೆ ಕಿಕೆರೋ ಆಡಿದನೆಂಬ ಮಾತು ಆ ತರುಣನ ಕಿವಿಗೆ ಬಿದ್ದಿದೆ ಎಂದು ಎಚ್ಚರಿಸುತ್ತಾನೆ: ಆ ಹುಡುಗನನ್ನು ಹೊಗಳಬೇಕು, ಸನ್ಮಾನಿಸಬೇಕು, ‘ತೊಲ್ಲೆಂದುಮ್’. ಮೇಲೆತ್ತಬೇಕು ಎಂದೂ ಆಯಿತು, ಎತ್ತಿಬಿಡಬೇಕು ಎಂದೂ ಆಯಿತು. ಕನ್ನಡದ ‘ಎತ್ತಿಬಿಡು’ ಇಲ್ಲಿ ನಮಗೆ ಒದಗಿಬಂದಿದೆ. ಅದೇ ವರ್ಷದ ಡಿಸೆಂಬರಿನಲ್ಲಿ, ಒಕ್ತಾವಿಯನ್ ಕೂಡ ಒಪ್ಪಿಗೆ ಕೊಟ್ಟ ಹತ್ಯಾಪಟ್ಟಿಯ ಪ್ರಕಾರ, ಕಿಕೆರೋನ ಕೊಲೆಯಾಯಿತು.

ನಾಲ್ಕನೆಯ ರೂಪ ಲಾತುಮ್ ಮೇಲ್ನೋಟಕ್ಕೆ ಯಾವುದಕ್ಕೂ ಸೇರದ ಪರಕೀಯ. ಅದರ ‘-ತುಮ್’ ಸಂಸ್ಕೃತದ ಕರ್ತುಮ್, ಭರ್ತುಮ್ ಎಂಬಲ್ಲಿನ ತುಮುನ್ ಪ್ರತ್ಯಯವೇ. ಬಳಕೆ ಅಲ್ಲಿ ತೀರ ಕಿರಿದಾಗಿದೆ ಅಷ್ಟೆ. ಉಳಿದ ‘ಲಾ’ ಹಿಂದೆ ‘ತ್ಲಾ’ ಆಗಿತ್ತು. ಪದದ ಆದಿಯಲ್ಲಿ ‘ತ್ಲ’ ಎಂಬ ಸಂಯುಕ್ತವನ್ನು ಲ್ಯಾಟಿನ್ ಸಹಿಸುವುದಿಲ್ಲ, ತಕಾರವನ್ನು ಬಿಟ್ಟುಕೊಡುತ್ತದೆ. ನಡುವೆ ಬಂದರೆ ಅದನ್ನು ‘ಕ್ಲ’ ಮಾಡುತ್ತದೆ; ನಮ್ಮ ‘ಪಾತ್ರ’ಕ್ಕೆ (ಕುಡಿಯುವ ಪಾತ್ರೆಗೆ) ಅಲ್ಲಿ ಪೋಕುಲುಮ್ ಎಂಬ ರೂಪ ಬಂದದ್ದು ಹೀಗೆ. ತ್ಲಾ ಎಂಬುದು ತುಲ್‌ನ ಸಂಕುಚಿತ ರೂಪ. ಹಾಗಾಗಿ ತುಲೀ ಮತ್ತು ಲಾತುಮ್ ಒಂದೇ ಧಾತುವಿನವು. ಫೆರೋಗೆ ಮೂರು ಮೂಲಗಳಿವೆ ಎಂದು ಆಗಾಗ ಬರೆಯುವುದನ್ನು ಕಾಣುತ್ತೇವೆ, ಮೂಲಗಳು ಎರಡೇ.

ಬಳಕೆಯಲ್ಲಿ ಈ ಕ್ರಿಯಾಪದ ಎಷ್ಟು ದೂರ ಹೋಯಿತು ಎಂಬುದಕ್ಕೆ ಒಂದೇ ಸಾಲು ಸಾಕು. ಕ್ರಿ.ಪೂ. 161ರಲ್ಲಿ ರಂಗಕ್ಕೆ ಬಂದ ತೆರೆನ್ತಿಯುಸ್‌ನ ‘ಫೋರ್ಮಿಯೋ’ ನಾಟಕದಲ್ಲಿ ಗೆತಾ ಎಂಬ ಗುಲಾಮ ‘ಕ್ವೊದ್ ಫೋರ್ಸ್ ಫೆರೆತ್ ಫೆರೇಮುಸ್ ಐಕ್ವೋ ಅನಿಮೋ’ ಎನ್ನುತ್ತಾನೆ: ದೈವ ಏನು ತರುತ್ತದೋ ಅದನ್ನು ಸಮಚಿತ್ತದಿಂದ ಹೊರೋಣ. ತರುವುದಕ್ಕೂ ಫೆರ್, ತಾಳುವುದಕ್ಕೂ ಫೆರ್. ದೈವ ಎಂಬರ್ಥದ ‘ಫೋರ್ಸ್’ ಕೂಡ ‘ತಂದದ್ದು’ ಎಂದೇ ಅದೇ ಧಾತುವಿನಿಂದ ಹುಟ್ಟಿದ್ದು. ನಾಲ್ಕು ಪದಗಳ ಅಂತರದೊಳಗೆ ಧಾತುವಿನ ಮೂರು ಮುಖಗಳು. ಇದಲ್ಲದೆ ಮಸೂದೆಯನ್ನು ಜನರ ಮುಂದೆ ತರುವುದು ಲೇಗೆಮ್ ಫೆರ್ರೆ. ‘ಎಂದು ಹೇಳುತ್ತಾರೆ’ ಎನ್ನಲು ಫೆರುಂತ್, ಫೆರ್ತುರ್. ಕ್ರಿ.ಪೂ. 55ರಲ್ಲಿ ಬ್ರಿಟನ್ ಕಡಲತೀರದಲ್ಲಿ ಸೈನಿಕರು ನೀರಿಗಿಳಿಯಲು ಹಿಂಜರಿದಾಗ ಹತ್ತನೆಯ ದಳದ ಗರುಡಧ್ವಜವಾಹಕ ಮೊದಲು ಹಾರಿ ಧ್ವಜವನ್ನು ಶತ್ರುಗಳತ್ತ ‘ಫೆರ್ರೆ’ ಮಾಡತೊಡಗಿದ ಎಂದು ಕೈಸರ್ (ಜೂಲಿಯಸ್ ಸೀಸರ್) ಬರೆಯುತ್ತಾನೆ.

ಉಪಸರ್ಗ ಸೇರಿದ ರೂಪಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ‘ಔಫೆರೋ’, ಅಂದರೆ ಆಚೆಗೆ ಒಯ್ಯುತ್ತೇನೆ. ಇದರ ನಾಲ್ಕು ರೂಪಗಳು ಔಫೆರೋ, ಔಫೆರ್ರೆ, ಅಬ್ಸ್ತುಲೀ, ಅಬ್ಲಾತುಮ್. ಧಾತು ಬದಲಾಗುವುದು ಸಾಲದೆಂಬಂತೆ ಉಪಸರ್ಗವೂ ಬದಲಾಗುತ್ತದೆ. ಅಬ್ ಎಂಬುದು ಸಂಸ್ಕೃತದ ‘ಅಪ’ದ ನೆಂಟ, ಔ ಎಂಬುದು ಅದರ ವಿಕಾರವಲ್ಲ, ಬೇರೆಯೇ ಆದ, ನಮ್ಮ ‘ಅವ’ ಉಪಸರ್ಗದ ನೆಂಟ. ಅಂದರೆ ಔ-ಫೆರ್ ಎಂದರೆ ಅಕ್ಷರಶಃ ಅವ-ಭೃ. ಯಜ್ಞದ ಕೊನೆಯಲ್ಲಿ, ನಮ್ಮ ದೇವಸ್ಥಾನಗಳ ಉತ್ಸವದ ಕೊನೆಯ ದಿನ ನಡೆಯುವ ಅವಭೃಥ ಸ್ನಾನದ ಹೆಸರಿನಲ್ಲಿ ಇದೇ ಜೋಡಿ ಇದೆ. ಅಬ್ಲಾತುಮ್ ಎಂಬುದರಿಂದ ಲ್ಯಾಟಿನ್ ವ್ಯಾಕರಣಕಾರರು ತಮ್ಮ ಒಂದು ವಿಭಕ್ತಿಗೆ ‘ಅಬ್ಲಾತೀವುಸ್’ ಎಂದು ಹೆಸರಿಟ್ಟರು. ನಮ್ಮ ಪಂಚಮಿಯ ಅಪಾದಾನದ ಕೆಲಸ ಅದರಲ್ಲಿ ಸೇರಿದೆ.

ಕನ್ನಡದ ದಿನಬಳಕೆಗೆ ಇಂಗ್ಲಿಷ್ ಮೂಲಕ ಬಂದ ಪದಗಳಲ್ಲಿ ಈ ರೂಪಾವಳಿ ಚೂರುಚೂರಾಗಿ ಹರಡಿದೆ. ದೊಡ್ಡಾಸ್ಪತ್ರೆಗೆ ರೆಫರ್ ಮಾಡುವಲ್ಲಿ, ನೌಕರರ ಟ್ರಾನ್ಸ್‌ಫರ್‌ನಲ್ಲಿ, ಹಬ್ಬದ ಆಫರ್‌ನಲ್ಲಿ, ಕಾನ್ಫರೆನ್ಸ್‌ನಲ್ಲಿ ಇರುವುದು ಫೆರ್. ರಿಲೇಷನ್, ಟ್ರಾನ್ಸ್‌ಲೇಷನ್, ಲೆಜಿಸ್ಲೇಟರ್ ಎಂಬಲ್ಲಿ ಇರುವುದು ಲಾತುಮ್. ನಡುವಿನ ತುಲೀ ಮಾತ್ರ ಹೀಗೆ ಪ್ರಯಾಣ ಮಾಡಲಿಲ್ಲ, ಏಕೆಂದರೆ ಹೊಸ ನಾಮಪದಗಳನ್ನು ಕಟ್ಟಲು ಲ್ಯಾಟಿನ್ ಭೂತಕಾಲದ ಅಂಗವನ್ನು ಬಳಸುವುದಿಲ್ಲ.

ಲ್ಯಾಟಿನ್‌ನಿಂದ ಹುಟ್ಟಿದ ಭಾಷೆಗಳಲ್ಲಿ ಈ ಕ್ರಿಯಾಪದಕ್ಕೆ ಬಂದ ಗತಿಯನ್ನು ಹೇಳಿ ಮುಗಿಸುತ್ತೇನೆ. ಫೆರ್ರೆ ಸ್ವತಂತ್ರ ಪದವಾಗಿ ಆಡುಮಾತಿನಲ್ಲಿ ಉಳಿಯಲಿಲ್ಲ. ಅದರ ಜಾಗವನ್ನು ಮೊದಲ ಗಣದ, ಎಲ್ಲಿಯೂ ನಿಯಮ ತಪ್ಪದ ಪೋರ್ತಾರೆ ಮತ್ತು ಲೆವಾರೆ ಹಂಚಿಕೊಂಡವು; ಇಟಾಲಿಯನ್‌ನ ಪೋರ್ತಾರೆ, ಫ್ರೆಂಚ್‌ನ ಪೊರ್ತೆ, ಸ್ಪ್ಯಾನಿಷ್‌ನ ಯೆವಾರ್ ಅವುಗಳ ಸಂತಾನ. ಉಪಸರ್ಗದ ಆಸರೆಯಿದ್ದ ಓಫ್ಫೆರ್ರೆ ಮತ್ತು ಸುಫ್ಫೆರ್ರೆ ಉಳಿದವು, ಆದರೆ ತುಲೀಯನ್ನೂ ಲಾತುಮನ್ನೂ ಕಳಚಿ, ನಾಲ್ಕನೆಯ ಗಣದ ಸಾಮಾನ್ಯ ರೂಪಾವಳಿಯನ್ನು ತೊಟ್ಟುಕೊಂಡು. ಇಟಾಲಿಯನ್‌ನಲ್ಲಿ ಅವು ಈಗ ಓಫ್ರೀರೆ, ಸೋಫ್ರೀರೆ.